ಇಥಿಯೋಪಿಯಾಕ್ಕೆ ಹೊರಟವರು ಅಲ್ಲಿನ ಫೋನ್ ವ್ಯವಸ್ಥೆ ತಿಳ್ಕೊಂಡು ಹೋಗಿ

ಹೋದ ತಿಂಗಳು ಶಿವಮೊಗ್ಗ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಇಥಿಯೋಪಿಯಾದಲ್ಲಿ ಸಿವಿಲ್ ಇಂಜಿನಿಯರಿಂಗ್ ಪಾಠ ಮಾಡುವ ಕೆಲಸ ಸಿಕ್ಕಿದೆಯಂತೆ. ಸಂಬಳ, ಮನೆ, ಊಟ, ಚಳಿ ಎಲ್ಲ ವಿಚಾರಿಸಿದ. ಕೊನೆಗೆ ಕೇಳಿದ: "ಸರ್, ಅಲ್ಲಿ ವಾಟ್ಸಾಪ್ ನಡೆಯುತ್ತೆ ಅಲ್ವಾ? ರಾತ್ರಿ ವಿಡಿಯೋ ಕಾಲ್‌ನಲ್ಲಿ ನನ್ನ ಮುಖ ನೋಡದೆ ಅಮ್ಮ ಮಲಗಲ್ಲ."

ನಡೆಯುತ್ತೆ ಅಂದೆ. ನಡೆಯದ ದಿನವೂ ಬರಬಹುದು, ಆ ದಿನ ಏನು ಮಾಡಬೇಕು ಅಂತ ಅಮ್ಮನ ಜೊತೆ ಈಗಲೇ ಮಾತಾಡಿಟ್ಟುಕೋ ಅಂತಲೂ ಹೇಳಿದೆ. ಅವನಿಗೆ ಫೋನಿನಲ್ಲಿ ಪೂರ್ತಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು 2015ರಿಂದ 2023ರವರೆಗೆ ಜಿಮ್ಮಾದಲ್ಲಿ ಮೇಷ್ಟ್ರಾಗಿದ್ದೆ. ರಾಜಧಾನಿ ಅಡಿಸ್ ಅಬಾಬಾದಿಂದ ನೈಋತ್ಯಕ್ಕೆ ಸುಮಾರು 350 ಕಿಲೋಮೀಟರ್ ದೂರದ ಕಾಫಿ ಸೀಮೆ ಅದು. ಮೂಡಿಗೆರೆ ಕಡೆಯವರು ಬಂದರೆ ಅರ್ಧ ಊರಿಗೆ ಬಂದಂತೆಯೇ ಅನಿಸುತ್ತೆ. ಭಾರತದ ಮೇಷ್ಟ್ರುಗಳು ಇಥಿಯೋಪಿಯಾಕ್ಕೆ ಹೋಗುವುದು ಚಕ್ರವರ್ತಿ ಹೈಲೆ ಸೆಲಾಸಿ ಕಾಲದಿಂದ ನಡೆದು ಬಂದಿದೆ. ಹೂವಿನ ತೋಟ, ಕಾರ್ಖಾನೆ ಕೆಲಸಕ್ಕೆ ಬಂದವರೂ ಇದ್ದಾರೆ. ಹೀಗಾಗಿ ಕನ್ನಡದವರು ಅಲ್ಲಲ್ಲಿ ಸಿಗುತ್ತಾರೆ. ಹೊಸದಾಗಿ ಬಂದ ಎಲ್ಲರೂ ಫೋನ್ ವಿಷಯದಲ್ಲಿ ಮಾಡುವ ತಪ್ಪು ಒಂದೇ. ನಮ್ಮ ಊರಿನ ಹಾಗೆ ಇದೂ ಅಂಗಡಿ ವ್ಯಾಪಾರ ಅಂದುಕೊಳ್ಳುತ್ತಾರೆ.

ನಲ್ಲಿ ಯಾರ ಕೈಯಲ್ಲಿದೆ

ನಮ್ಮಲ್ಲಿ ಒಂದು ಕಂಪನಿ ಸರಿಯಿಲ್ಲ ಅಂದರೆ ಇನ್ನೊಂದಕ್ಕೆ ಪೋರ್ಟ್ ಮಾಡಿಸ್ತೀವಿ. ಇಥಿಯೋಪಿಯಾದಲ್ಲಿ 2022ರ ತನಕ ಹೋಗೋಕೆ ಇನ್ನೊಂದು ಕಂಪನಿಯೇ ಇರಲಿಲ್ಲ. ಫೋನ್ ಅಂದರೆ ಸರ್ಕಾರದ ಇಥಿಯೋ ಟೆಲಿಕಾಂ. ಜನ ಅದನ್ನು ಸುಮ್ನೆ 'ಟೆಲೆ' ಅಂತಾರೆ. ಸಿಮ್ಮು, ಲ್ಯಾಂಡ್‌ಲೈನು, ಮನೆಗೆ ಬರುವ ಬ್ರಾಡ್‌ಬ್ಯಾಂಡು ಎಲ್ಲ ಅದರದ್ದೇ. ಈ ವ್ಯವಸ್ಥೆಯನ್ನು ಊರಿನ ನೀರು ಸರಬರಾಜಿನ ಹಾಗೆ ನೋಡಿದರೆ ಸುಲಭವಾಗಿ ಅರ್ಥವಾಗುತ್ತೆ. ಪೈಪು ಸರ್ಕಾರದ್ದು, ಟ್ಯಾಂಕು ಸರ್ಕಾರದ್ದು. ನಲ್ಲಿ ತಿರುಗಿಸುವ ಕೈಯೂ ಸರ್ಕಾರದ್ದೇ.

ಟೆಲಿಫೋನ್ ಅಲ್ಲಿಗೆ ತಡವಾಗಿ ಬಂದದ್ದಲ್ಲ. ಪೂರ್ವದ ಹರಾರ್ ಪಟ್ಟಣ ಮತ್ತು ಅಡಿಸ್ ನಡುವೆ ತಂತಿ ಎಳೆಯುವ ಕೆಲಸವನ್ನು ಚಕ್ರವರ್ತಿ ಎರಡನೇ ಮೆನೆಲಿಕ್ 1894ರಲ್ಲೇ ಶುರು ಮಾಡಿಸಿದ್ದ. ಇಂಟರ್ನೆಟ್ 1997ರಲ್ಲಿ ಬಂತು, ಮೊಬೈಲ್ 1999ರಲ್ಲಿ. ಹರಡಿದ್ದು ಮಾತ್ರ ಬಹಳ ನಿಧಾನ. 2010ರಲ್ಲಿ ಇಡೀ ದೇಶದ ಮೊಬೈಲ್ ಗ್ರಾಹಕರು 70 ಲಕ್ಷ ಮುಟ್ಟಿರಲಿಲ್ಲ. ಜನಸಂಖ್ಯೆ ಆಗಲೇ 8 ಕೋಟಿ ದಾಟಿತ್ತು. ಅದೇ ವರ್ಷದ ಕೊನೆಗೆ ನಮ್ಮ ದೇಶದಲ್ಲಿ ಮೊಬೈಲ್ ಸಂಪರ್ಕಗಳು 70 ಕೋಟಿ ಮೀರಿದ್ದವು.

ಅಕ್ಕಪಕ್ಕದ ಕೆನ್ಯಾ, ಸುಡಾನ್‌ಗಳಲ್ಲಿ ಖಾಸಗಿ ಕಂಪನಿಗಳು ಬಂದು ಪೈಪೋಟಿ ನಡೆದಿತ್ತು. ಇಥಿಯೋಪಿಯಾ ಬಾಗಿಲು ತೆಗೆಯಲಿಲ್ಲ. ಇದಕ್ಕೆ ಎರಡು ಕಾರಣ. ಟೆಲೆ ಸರ್ಕಾರಕ್ಕೆ ಹಾಲು ಕರೆಯುವ ಹಸು. ಆ ಆದಾಯವನ್ನು ಬೇರೆ ದೊಡ್ಡ ಯೋಜನೆಗಳಿಗೆ ಬಳಸಬಹುದಿತ್ತು. ಇನ್ನೊಂದು, ಭದ್ರತೆಯ ಭಯ. 2005ರ ಚುನಾವಣೆ ಗಲಾಟೆಯ ನಂತರ ಎಸ್‌ಎಮ್‌ಎಸ್ ಸೇವೆಯನ್ನು ಇಡೀ ದೇಶದಲ್ಲಿ ನಿಲ್ಲಿಸಿದರು. ಮತ್ತೆ ಶುರುವಾಗಿದ್ದು 2007ರಲ್ಲಿ. ಎರಡು ವರ್ಷ ಒಂದು ದೇಶದ ಜನ ಫೋನಿನಲ್ಲಿ ಮೆಸೇಜ್ ಕಳಿಸಲಿಲ್ಲ ಅಂದರೆ ಯೋಚನೆ ಮಾಡಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಅಲ್ಲಿನ ಮೇಷ್ಟ್ರುಗಳಿಗೆ ಅದು ಚೆನ್ನಾಗಿ ನೆನಪಿತ್ತು.

ಬಾಗಿಲು ಮುಚ್ಚಿದ್ದರೂ ಬೆಳವಣಿಗೆ ಆಗಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. ದಾರಿ ಮಾತ್ರ ಬೇರೆ. ಚೀನಾದ ಜಡ್‌ಟಿಇ ಕಂಪನಿ 2006ರಲ್ಲಿ 150 ಕೋಟಿ ಡಾಲರ್ ಸಾಲದ ವ್ಯವಸ್ಥೆಯೊಂದಿಗೆ ಜಾಲ ಕಟ್ಟುವ ಗುತ್ತಿಗೆ ಹಿಡಿಯಿತು. 2013ರಲ್ಲಿ ಜಡ್‌ಟಿಇ ಮತ್ತು ಹುವಾವೇಗೆ ತಲಾ 80 ಕೋಟಿ ಡಾಲರ್ ಕೆಲಸ ಹೋಯಿತು. ಹಳೆಯ ನಿಗಮವನ್ನು 2010ರ ಕೊನೆಗೆ ಇಥಿಯೋ ಟೆಲಿಕಾಂ ಎಂದು ಹೊಸದಾಗಿ ಕಟ್ಟಿದಾಗ ಆಡಳಿತ ನಡೆಸಿಕೊಡಲು ಫ್ರಾನ್ಸ್ ಟೆಲಿಕಾಂ ಕಂಪನಿಯನ್ನು ಕರೆತಂದರು. ಅಂದರೆ ಸಾಮಾನು ಚೀನಾದ್ದು, ಮ್ಯಾನೇಜರುಗಳು ಫ್ರಾನ್ಸಿನವರು, ಮಾಲೀಕತ್ವ ಸರ್ಕಾರದ್ದು.

ಅಬಿಯ್ ಅಹ್ಮದ್ 2018ರಲ್ಲಿ ಪ್ರಧಾನಿಯಾದ ಮೇಲೆ ಗಾಳಿ ಸ್ವಲ್ಪ ಬದಲಾಯಿತು. ಅದೇ ವರ್ಷ ಕರೆ ಮತ್ತು ಡೇಟಾ ದರ ಗಣನೀಯವಾಗಿ ಇಳಿಯಿತು. 2019ರಲ್ಲಿ ಹೊಸ ಕಾನೂನು ಬಂದು, ನಮ್ಮ ಟ್ರಾಯ್ ಥರದ ನಿಯಂತ್ರಣ ಪ್ರಾಧಿಕಾರ ಹುಟ್ಟಿತು. ಟೆಲೆ ಗ್ರಾಹಕರು 2021ರ ಮಧ್ಯದಲ್ಲಿ 5.6 ಕೋಟಿ ಇದ್ದವರು 2024ರ ಮಧ್ಯಕ್ಕೆ 7.8 ಕೋಟಿ ಆದರು.

2021ರ ಮೇ ತಿಂಗಳಲ್ಲಿ ಎರಡನೇ ಕಂಪನಿಗೆ ಲೈಸೆನ್ಸ್ ಸಿಕ್ಕಿತು. ಕೆನ್ಯಾದ ಸಫಾರಿಕಾಮ್ ಮುಂದಾಳತ್ವದ ಗುಂಪು 85 ಕೋಟಿ ಡಾಲರ್ ಕೊಟ್ಟಿತು. ದಕ್ಷಿಣ ಆಫ್ರಿಕಾದ ಎಂಟಿಎನ್ 60 ಕೋಟಿ ಕೂಗಿತ್ತು, ಅದನ್ನು ಸರ್ಕಾರ ಒಪ್ಪಲಿಲ್ಲ. ಸಫಾರಿಕಾಮ್ 2022ರ ಆಗಸ್ಟ್‌ನಲ್ಲಿ ಪೂರ್ವದ ದಿರೆ ದಾವಾ ನಗರದಲ್ಲಿ ಶುರುವಾಗಿ, ಅಕ್ಟೋಬರ್‌ನಲ್ಲಿ ಅಡಿಸ್‌ಗೆ ಬಂತು. ಈ ಪೈಪೋಟಿಯಲ್ಲೂ ಸರ್ಕಾರದ ಕೈ ಹೇಗೆ ಆಡಿತು ನೋಡಿ. ಲೈಸೆನ್ಸ್ ಕೊಟ್ಟಾಗ ಮೊಬೈಲ್ ಹಣದ ವ್ಯವಹಾರಕ್ಕೆ ಅನುಮತಿ ಕೊಡಲಿಲ್ಲ. ಸಫಾರಿಕಾಮ್‌ಗೆ ಕೆನ್ಯಾದಲ್ಲಿ ಹೆಸರು ತಂದದ್ದೇ ಎಂ-ಪೆಸಾ ಅನ್ನುವ ಮೊಬೈಲ್ ಹಣದ ಸೇವೆ. ಅದು ಇಥಿಯೋಪಿಯಾದಲ್ಲಿ ಶುರುವಾಗಿದ್ದು 2023ರ ಆಗಸ್ಟ್‌ನಲ್ಲಿ. ಅಷ್ಟರೊಳಗೆ ಟೆಲೆಯದ್ದೇ ಮೊಬೈಲ್ ಹಣದ ಸೇವೆ 'ಟೆಲೆಬಿರ್' ಎರಡು ವರ್ಷ ಮೊದಲೇ ಬಂದು ಊರೂರಲ್ಲಿ ಬೇರು ಬಿಟ್ಟಿತ್ತು. 2024ರ ಅಕ್ಟೋಬರ್‌ನಿಂದ ಟೆಲೆಯ ಶೇಕಡ 10 ಷೇರನ್ನು ಜನರಿಗೆ ಮಾರಾಟಕ್ಕಿಟ್ಟರು, ಒಂದಕ್ಕೆ 300 ಬಿರ್ (ಅಲ್ಲಿನ ಹಣ). ಅದು ಇಥಿಯೋಪಿಯಾದ ಪ್ರಜೆಗಳಿಗೆ ಮಾತ್ರ. ನಾವು ಕೊಳ್ಳುವ ಹಾಗಿರಲಿಲ್ಲ.

ಹಾಗಾದರೆ ಈಗ ಎರಡು ಕಂಪನಿ ಇವೆಯಲ್ಲ, ಒಂದು ನಿಂತರೆ ಇನ್ನೊಂದು ಇರುತ್ತೆ ಅಂತ ನೀವು ಕೇಳಬಹುದು. ಟವರ್ ಕೆಟ್ಟರೆ ಆ ಲೆಕ್ಕ ಸರಿ. ಸರ್ಕಾರವೇ ನಿಲ್ಲಿಸು ಅಂದಾಗ ಎರಡನೇ ಸಿಮ್ಮನ್ನು ನಂಬಿ ಕೂರಬೇಡಿ.

ಸಿಮ್ಮು, ಕಾರ್ಡು, ಗಡಿಯಾರ

ಸಿಮ್ಮನ್ನು ಕಂಪನಿಯ ಅಧಿಕೃತ ಅಂಗಡಿಯಲ್ಲೇ ತಗೊಳ್ಳಿ, ಪಾಸ್‌ಪೋರ್ಟ್ ಕೊಂಡೊಯ್ಯಿರಿ. 09ರಿಂದ ಶುರುವಾದರೆ ಟೆಲೆ, 07ರಿಂದ ಶುರುವಾದರೆ ಸಫಾರಿಕಾಮ್. ಅಡಿಸ್ ಬಿಟ್ಟು ದೂರದ ಊರಿಗೆ ಹೋಗುವವರು ಮೊದಲು ಟೆಲೆ ಸಿಮ್ ಮಾಡಿಸಿ. ಹಳ್ಳಿಗಾಡಿನಲ್ಲಿ ಅದರ ಟವರ್ ಜಾಸ್ತಿ. ನಿಮ್ಮ ಊರಲ್ಲಿ ಇನ್ನೊಂದು ಸಿಗ್ನಲ್ ಇದ್ದರೆ ಅದನ್ನೂ ಇಟ್ಟುಕೊಳ್ಳಿ. ಎರಡು ಸಿಮ್ ಹಿಡಿಯುವ ಫೋನ್ ಸಾಲದು ಅಂತ ನನ್ನ ಅನುಭವ, ಯಾಕಂದರೆ ಭಾರತದ ಸಿಮ್ಮೂ ಜೀವಂತ ಇರಬೇಕು. ಅದನ್ನು ಹಾಕಿಡಲು ಹಳೆಯ ಬಟನ್ ಫೋನ್ ಒಂದು ಒಯ್ಯಿರಿ.

ಜಿಮ್ಮಾದಲ್ಲಿ ನಮ್ಮ ಮನೆ ಹತ್ತಿರ ಒಂದು ಪುಟ್ಟ ಸೂಕ್ ಇತ್ತು. ಸೂಕ್ ಅಂದರೆ ಅವರ ಭಾಷೆಯಲ್ಲಿ ಚಿಲ್ಲರೆ ಅಂಗಡಿ. ತಗಡಿನ ಗೋಡೆ, ಮುಂದೆ ಜಾಲರಿ, ಒಳಗೆ ಸೋಪು, ಮೇಣದ ಬತ್ತಿ, ಬಿಸ್ಕತ್ತು. "ಕಾರ್ಡ್ ಅಲ್ಲೆ?" ಅಂತ ಕೇಳಿದರೆ ಅಂಗಡಿಯ ಅಜ್ಜಿ ಸ್ಕಾರ್ಫಿನ ಮಡಿಕೆಯಿಂದ ರೀಚಾರ್ಜ್ ಕಾರ್ಡಿನ ಕಟ್ಟು ತೆಗೆಯುತ್ತಿದ್ದಳು. ಅಲ್ಲೆ ಅಂದರೆ ಇದೆ. ಬೂದು ಪಟ್ಟಿಯನ್ನು ನಾಣ್ಯದಿಂದ ಕೆರೆಯಬೇಕು. ಜೋರಾಗಿ ಕೆರೆದರೆ ಅಂಕಿಯೇ ಹೋಗುತ್ತೆ. ಹಾಗಾಗಿ ಅಜ್ಜಿ ನನ್ನ ಕೈಯಿಂದ ಕಾರ್ಡ್ ಕಿತ್ತುಕೊಂಡು ತಾನೇ ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಕೆರೆದು ಕೊಡುತ್ತಿದ್ದಳು. *805* ಒತ್ತಿ, ಆ ಅಂಕಿ ಹಾಕಿ, ಕೊನೆಗೆ ಹ್ಯಾಶ್ ಒತ್ತಿದರೆ ಹಣ ಬೀಳುತ್ತೆ. ಉಳಿದ ಹಣ ನೋಡಲು *804#. ಪ್ಯಾಕೇಜಿಗೆ *999#. ದೂರಿಗೆ 994. ಈಗ ಆಪ್‌ನಲ್ಲೇ ರೀಚಾರ್ಜ್ ಆಗುತ್ತೆ, ಆದರೂ ಈ ನಾಲ್ಕು ನಂಬರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇವಕ್ಕೆ ಇಂಟರ್ನೆಟ್ ಬೇಡ. ಅದೇ ಇವುಗಳ ಬೆಲೆ.

ಕಾರ್ಡ್ ಇಲ್ಲದಿದ್ದರೆ "ಯೆಲ್ಲೆಮ್" ಅನ್ನುತ್ತಾರೆ. ಇಲ್ಲ ಅಂತ ಅರ್ಥ. ನೀವು ಮೊದಲು ಕಲಿಯುವ ಪದಗಳಲ್ಲಿ ಇದೂ ಒಂದಾಗಿರುತ್ತೆ. ನೆಟ್‌ವರ್ಕ್ ಯೆಲ್ಲೆಮ್, ಮೆಬ್ರಾಟ್ ಯೆಲ್ಲೆಮ್, ಅಂದರೆ ಕರೆಂಟ್ ಇಲ್ಲ. ಎಷ್ಟೋ ಸಲ ಎರಡೂ ಒಟ್ಟಿಗೇ ಹೋಗುತ್ತವೆ. ಒಳ್ಳೆಯ ಪವರ್ ಬ್ಯಾಂಕ್ ಊರಿನಿಂದಲೇ ತಗೊಂಡು ಹೋಗಿ.

ಇನ್ನು ಗಡಿಯಾರ. ಅವರ ದಿನ ಬೆಳಗಿನಿಂದ ಶುರು. ನಮ್ಮ ಬೆಳಿಗ್ಗೆ ಏಳು ಗಂಟೆ ಅವರಿಗೆ ಒಂದು ಗಂಟೆ. ನನ್ನ ಮೊದಲ ವಾರದಲ್ಲಿ ಸಿಮ್ ರಿಪೇರಿಗೆ "ನಾಳೆ ಮೂರು ಗಂಟೆಗೆ ಬನ್ನಿ" ಅಂದರು. ಮಧ್ಯಾಹ್ನ ಮೂರಕ್ಕೆ ಹೋದೆ. ಅವರು ಹೇಳಿದ್ದು ಬೆಳಿಗ್ಗೆ ಒಂಬತ್ತು. ಯಾರು ಸಮಯ ಹೇಳಿದರೂ "ನಿಮ್ಮ ಗಂಟೆಯೋ, ಫೆರೆಂಜಿ ಗಂಟೆಯೋ" ಅಂತ ಕೇಳಿ, ಬೇಸರ ಮಾಡಿಕೊಳ್ಳಲ್ಲ. ಫೆರೆಂಜಿ ಅಂದರೆ ವಿದೇಶಿ. ವರ್ಷದ ಲೆಕ್ಕವೂ ನಮಗಿಂತ ಏಳೆಂಟು ವರ್ಷ ಹಿಂದೆ, ತಿಂಗಳು 13. ಕಾಗದ ಪತ್ರದ ಮೇಲೆ 2016 ಅಂತ ಕಂಡರೆ ಅದು ನಮ್ಮ 2023–24.

ನಿಂತು ಹೋಗುವ ದಿನ

ನಮ್ಮ ಲೆಕ್ಕದ 2016ರಲ್ಲಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಸೋರಿದ್ದಕ್ಕೆ ಸರ್ಕಾರ ಸೋಷಿಯಲ್ ಮೀಡಿಯಾ ನಿಲ್ಲಿಸಿತು. ಅಕ್ಟೋಬರ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ಮೊಬೈಲ್ ಡೇಟಾ ಹೋಯಿತು. 2017ರ ಪರೀಕ್ಷೆಗೆ ಮತ್ತೆ, 2019ರ ಜೂನ್‌ನಲ್ಲಿ ಮತ್ತೆ. 2020ರ ನವೆಂಬರ್‌ನಲ್ಲಿ ಉತ್ತರದ ಟಿಗ್ರಾಯ್ ಪ್ರಾಂತ್ಯದಲ್ಲಿ ಯುದ್ಧ ಶುರುವಾದಾಗ ಅಲ್ಲಿ ಕರೆಗಳೂ ನಿಂತವು. ಬಹುಪಾಲು ಜಾಗಕ್ಕೆ ಫೋನ್ ವಾಪಸ್ ಬಂದದ್ದು 2022ರ ನವೆಂಬರ್ ಶಾಂತಿ ಒಪ್ಪಂದದ ನಂತರ. ನನ್ನ ಒಬ್ಬ ವಿದ್ಯಾರ್ಥಿ ಟಿಗ್ರಾಯ್‌ನ ರಾಜಧಾನಿ ಮೆಕೆಲ್ಲೆ ಕಡೆಯವನು. ಅಷ್ಟು ಕಾಲ ಅವನ ತಾಯಿ ಇದ್ದಾಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ನನ್ನ ಮೂರು ವಾರದ ಕಥೆ ಹೇಳುವ ಮೊದಲು ಅವನ ಎರಡು ವರ್ಷವನ್ನು ನೆನೆಯದಿದ್ದರೆ ತಪ್ಪಾಗುತ್ತೆ. 2023ರ ಫೆಬ್ರವರಿಯಿಂದ ಜುಲೈವರೆಗೆ ಫೇಸ್‌ಬುಕ್, ಟೆಲಿಗ್ರಾಂ, ಟಿಕ್‌ಟಾಕ್, ಯೂಟ್ಯೂಬ್‌ಗೆ ತಡೆ ಇತ್ತು. ಆ ವರ್ಷದ ಆಗಸ್ಟ್‌ನಲ್ಲಿ ಅಮ್ಹಾರಾ ಪ್ರಾಂತ್ಯದಲ್ಲಿ ಮೊಬೈಲ್ ಡೇಟಾ ನಿಂತಿತು. ನಮ್ಮ ದೇಶದಲ್ಲೂ ಇಂಟರ್ನೆಟ್ ಬಂದ್ ಮಾಡ್ತಾರೆ, ಕಾಶ್ಮೀರದಲ್ಲಿ 2019ರಿಂದ ತಿಂಗಳುಗಟ್ಟಲೆ ಆಗಿತ್ತು. ಹಾಗಾಗಿ ಅಲ್ಲಿಯ ಜನರನ್ನು ಬೇರೆ ಲೋಕದವರ ಹಾಗೆ ನೋಡಬೇಡಿ.

2020ರ ಜೂನ್ 30 ನನಗೆ ಮರೆಯಲ್ಲ. ಹಿಂದಿನ ರಾತ್ರಿ ಅಡಿಸ್‌ನಲ್ಲಿ ಒರೊಮೊ ಜನಾಂಗದ ಗಾಯಕ ಹಚಾಲು ಹುಂಡೆಸಾ ಅವರ ಹತ್ಯೆಯಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಹೆಂಡತಿಗೆ ಕಳಿಸಿದ ಮೆಸೇಜಿಗೆ ಒಂದೇ ಬೂದು ಟಿಕ್. ಹೊರಗೆ ರಸ್ತೆಯಲ್ಲಿ ಟೈರ್ ಸುಟ್ಟ ವಾಸನೆ. ಕರೋನಾ ಕಾಲ ಬೇರೆ, ಊರಿಗೆ ಹೋಗಲು ವಿಮಾನವೂ ಇಲ್ಲ. ಕರೆ ಮಾತ್ರ ಹೋಗುತ್ತಿತ್ತು. ಹಾಸನದ ಮನೆಯ ಲ್ಯಾಂಡ್‌ಲೈನಿಗೆ 00 91 8172 ಅಂತ ಒತ್ತಿದೆ. ನಾಲ್ಕನೇ ಸಲಕ್ಕೆ ರಿಂಗಾಯಿತು. ಅತ್ತೆ ಎತ್ತಿದರು. "ಚೆನ್ನಾಗಿದ್ದೀನಿ, ಇಂಟರ್ನೆಟ್ ಇಲ್ಲ, ಗಾಬರಿ ಆಗ್ಬೇಡಿ" ಅನ್ನುವಷ್ಟರಲ್ಲಿ ದುಡ್ಡು ಮುಗಿದು ಕಟ್ಟಾಯಿತು. ಹೊರದೇಶದ ಕರೆ ಅಲ್ಲಿ ದುಬಾರಿ. ನನ್ನ ಜೇಬಿನಲ್ಲಿ ಇನ್ನೊಂದು ಕಾರ್ಡ್ ಇರಲಿಲ್ಲ, ಆ ದಿನ ಅಂಗಡಿ ಒಂದೂ ತೆರೆದಿರಲಿಲ್ಲ. ಮರುದಿನ ಅಜ್ಜಿ ಜಾಲರಿಯ ಸಂದಿಯಿಂದ ಐದು ಕಾರ್ಡ್ ಕೊಟ್ಟಳು, ದುಡ್ಡು ಆಮೇಲೆ ಕೊಡು ಅಂದಳು. ಇಂಟರ್ನೆಟ್ ಪೂರ್ತಿ ಬರಲು ಮೂರು ವಾರಕ್ಕೂ ಹೆಚ್ಚು ಹಿಡಿಯಿತು.

ಅದಾದ ಮೇಲೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಮಾಡಿಕೊಂಡೆವು. ವಾಟ್ಸಾಪ್ ಸುದ್ದಿ ಇಲ್ಲದೆ ಒಂದು ದಿನ ಕಳೆದರೆ, ಮರುದಿನ ಭಾರತದ ಸಮಯ ರಾತ್ರಿ ಎಂಟೂವರೆಗೆ, ಅಂದರೆ ಅಲ್ಲಿನ ಸಂಜೆ ಆರಕ್ಕೆ, ನಾನೇ ಕರೆ ಮಾಡುತ್ತೇನೆ. ಒಂದು ನಿಮಿಷದ ಮಾತು. ನನ್ನ ಕರೆ ಬರದಿದ್ದರೆ ಅವರು 00 251 ಹಾಕಿ ಪ್ರಯತ್ನಿಸಬೇಕು. ಅದೂ ಆಗದಿದ್ದರೆ ಅಡಿಸ್‌ನಲ್ಲಿರುವ ಇನ್ನೊಬ್ಬ ಕನ್ನಡಿಗರಿಗೆ. ಕೊನೆಗೆ ಭಾರತದ ರಾಯಭಾರ ಕಚೇರಿಗೆ. ನೀವು ಹೋದ ವಾರದಲ್ಲೇ ಆ ಕಚೇರಿಯಲ್ಲಿ ಹೆಸರು, ವಿಳಾಸ ನೋಂದಾಯಿಸಿ. ರೀಚಾರ್ಜ್ ಕಾರ್ಡ್ ಐದಾರು ಯಾವಾಗಲೂ ಪೆಟ್ಟಿಗೆಯಲ್ಲಿರಲಿ.

ತಡೆಯನ್ನು ದಾಟಿಸುವ ವಿಪಿಎನ್ ಆಪ್ ಇದೆಯಲ್ಲ ಅಂತ ಹುಡುಗರು ಹೇಳ್ತಾರೆ. ಡೇಟಾವೇ ಇಲ್ಲದ ದಿನ ವಿಪಿಎನ್ ಏನೂ ಮಾಡಲಾರದು, ಅದೂ ಇಂಟರ್ನೆಟ್ ಮೇಲೆಯೇ ಓಡಬೇಕು. ಇನ್ನೊಂದು ಮಾತು ಮೇಷ್ಟ್ರುಗಳಿಗೆ. ಅಲ್ಲಿ ಪಾಠದ ನೋಟ್ಸು, ನೋಟಿಸು ಎಲ್ಲ ಟೆಲಿಗ್ರಾಂ ಗುಂಪಿನಲ್ಲೇ ಓಡಾಡುತ್ತೆ. ಅದರ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿಡಿ. ಅವರು ಅದನ್ನು 'ಫ್ಲಾಶ್' ಅಂತಾರೆ.

ದುಡ್ಡಿನ ದಾರಿ

ಟೆಲೆಬಿರ್ ನಮ್ಮ ಯುಪಿಐ ಥರ ಕಂಡರೂ ಒಳಗಿನ ಲೆಕ್ಕ ಬೇರೆ. ಯುಪಿಐ ನಿಮ್ಮ ಬ್ಯಾಂಕ್ ಖಾತೆಯಿಂದ ಹಣ ಕಳಿಸುತ್ತೆ. ಟೆಲೆಬಿರ್‌ನಲ್ಲಿ ಹಣ ಫೋನ್ ಕಂಪನಿಯ ಪರ್ಸಿನಲ್ಲಿ, ನಿಮ್ಮ ನಂಬರಿನ ಹೆಸರಲ್ಲಿ ಕೂತಿರುತ್ತೆ. ಆಪ್ ಬೇಕಿಲ್ಲ, *127# ಒತ್ತಿದರೂ ನಡೆಯುತ್ತೆ. ಕರೆಂಟ್ ಬಿಲ್ಲು, ಸರ್ಕಾರಿ ಶುಲ್ಕ, ಅಂಗಡಿ ಲೆಕ್ಕ ಎಲ್ಲಕ್ಕೂ ಬಳಸುತ್ತಾರೆ. 2023ರ ಏಪ್ರಿಲ್‌ನಲ್ಲಿ ಅಡಿಸ್‌ನ ಪೆಟ್ರೋಲ್ ಬಂಕ್‌ಗಳಲ್ಲಿ ನಗದು ನಿಲ್ಲಿಸಿ, ಮೊಬೈಲ್ ಪಾವತಿ ಕಡ್ಡಾಯ ಮಾಡಿದರು. ಮಾಡಿಸಿಕೊಳ್ಳಿ, ಅನುಕೂಲ ಇದೆ. ಆದರೆ ತಿಂಗಳ ಸಂಬಳವೆಲ್ಲ ಅದರಲ್ಲೇ ಇಡಬೇಡಿ. ಹತ್ತು ದಿನದ ಖರ್ಚಿಗೆ ನಗದು ಮನೆಯಲ್ಲಿರಲಿ.

ಭಾರತದ ಕಡೆಯದ್ದು ಇನ್ನೂ ಮುಖ್ಯ. ಮನೆ ಸಾಲದ ಕಂತು, ಎಲ್‌ಐಸಿ, ಮಕ್ಕಳ ಫೀಸು, ಇವನ್ನೆಲ್ಲ ಹೊರಡುವ ಮೊದಲೇ ಖಾತೆಯಿಂದ ತಾನಾಗಿ ಹೋಗುವ ಹಾಗೆ ಮಾಡಿ. ಓಟಿಪಿ ಎಸ್‌ಎಮ್‌ಎಸ್‌ನಲ್ಲಿ ಬಂದರೂ ಬ್ಯಾಂಕಿನ ಪುಟ ತೆರೆಯಲು ಡೇಟಾ ಬೇಕಲ್ಲ. ಭಾರತದ ಸಿಮ್ಮಿನ ರೋಮಿಂಗನ್ನು ಊರಲ್ಲಿದ್ದಾಗಲೇ ಚಾಲೂ ಮಾಡಿಸಿ. ಅಲ್ಲಿ ಇಳಿದ ಮೇಲೆ ಕಷ್ಟ.

ಫಾಯ್ದಾ

ಈಗ ಇಥಿಯೋಪಿಯಾದಲ್ಲಿ ಎಲ್ಲಿ ಹೋದರೂ 'ಫಾಯ್ದಾ' ಕೇಳುತ್ತಾರೆ. ಅದು ಅವರ ಡಿಜಿಟಲ್ ಗುರುತಿನ ಚೀಟಿ. ನಮ್ಮ ಫಾಯಿದೆ ಅನ್ನುವ ಮಾತೂ ಅದೂ ಒಂದೇ ಅರಬ್ಬೀ ಬೇರಿನದು. ನಂಟು ಅಲ್ಲಿಗೇ ಮುಗಿಯಲಿಲ್ಲ. ಫಾಯ್ದಾ ನಡೆಯುವುದು ಮೋಸಿಪ್ ಎಂಬ ತಂತ್ರಾಂಶದ ಮೇಲೆ. ಅದನ್ನು ಕಟ್ಟಿದ್ದು ಬೆಂಗಳೂರಿನ ಐಐಐಟಿಯಲ್ಲಿ. ಇದನ್ನು ಮೊದಲು ಕೇಳಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. 2023ರ ಕಾನೂನಿನ ಪ್ರಕಾರ ಅಲ್ಲಿ ಕಾನೂನುಬದ್ಧವಾಗಿ ವಾಸವಿರುವ ವಿದೇಶಿಯರೂ ಇದನ್ನು ಪಡೆಯಬಹುದು. ನೋಂದಣಿ ಟೆಲೆಯ ಅಂಗಡಿಗಳಲ್ಲೂ ನಡೆಯುತ್ತೆ. ಕೆಲಸದ ಪರವಾನಗಿ ಕೈಗೆ ಬಂದ ಕೂಡಲೇ ಮಾಡಿಸಿ, ಬ್ಯಾಂಕ್ ಖಾತೆಗೆ ಬೇಕಾಗುತ್ತೆ. ಗುರುತು, ನಂಬರು, ಹಣ ಮೂರೂ ಒಂದೇ ದಾರಕ್ಕೆ ಕಟ್ಟಿಕೊಳ್ಳುತ್ತವೆ ಅನ್ನುವುದು ಮಾತ್ರ ಗಮನದಲ್ಲಿರಲಿ.

ಅದಕ್ಕೇ ನಿಮ್ಮ ಹೆಸರಿನ ಸಿಮ್ಮನ್ನು ಯಾರಿಗೂ ಕೊಡಬೇಡಿ, ಎಷ್ಟೇ ಬೇಕಾದ ವಿದ್ಯಾರ್ಥಿಯಾದರೂ ಸರಿ. ಸ್ಯಾಟಲೈಟ್ ಫೋನ್, ಡ್ರೋನ್ ಅನುಮತಿ ಇಲ್ಲದೆ ಒಯ್ಯಲೇಬೇಡಿ. ಪರವಾನಗಿ ಇಲ್ಲದೆ ಟೆಲಿಕಾಂ ಉಪಕರಣ ತರುವುದು 2012ರ ಕಾನೂನಿನಲ್ಲಿ ಅಪರಾಧ. 2017ರಲ್ಲಿ ಫೋನ್‌ಗಳ ಐಎಂಇಐ (ಪ್ರತಿ ಫೋನಿನ ಗುರುತಿನ ಸಂಖ್ಯೆ) ನೋಂದಣಿಯೂ ಶುರುವಾಗಿತ್ತು. ನಾಲ್ಕು ಹೊಸ ಫೋನ್ ಉಡುಗೊರೆಗೆ ಅಂತ ಒಯ್ಯುವವರು ಕಸ್ಟಮ್ಸ್‌ನಲ್ಲಿ ತೋರಿಸಿಯೇ ಹೊರಬನ್ನಿ.

ಫಾರ್ವರ್ಡ್ ಮಾಡುವ ಕೈಗೂ ಸ್ವಲ್ಪ ಲಗಾಮು ಹಾಕಿ. ದ್ವೇಷ ಮತ್ತು ಸುಳ್ಳು ಸುದ್ದಿ ವಿರುದ್ಧ 2020ರಲ್ಲಿ ಕಾನೂನು ಬಂದಿದೆ, ಜೈಲು ಶಿಕ್ಷೆ ಇದೆ. 5,000ಕ್ಕಿಂತ ಹೆಚ್ಚು ಹಿಂಬಾಲಕರಿರುವ ಖಾತೆಗೆ ಸುಳ್ಳು ಸುದ್ದಿಯ ಶಿಕ್ಷೆ ಇನ್ನೂ ಹೆಚ್ಚು. ಅಮ್ಹಾರಿಕ್‌ನಲ್ಲೋ ಒರೊಮೊದಲ್ಲೋ ಇರುವ ವಿಡಿಯೋದಲ್ಲಿ ಏನು ಹೇಳಿದ್ದಾರೆ ಅಂತ ನಮಗೆ ತಿಳಿಯಲ್ಲ. ತಿಳಿಯದ್ದನ್ನು ಕಳಿಸಬೇಡಿ. ಜನಾಂಗದ ಜಗಳದಲ್ಲಿ ಅಲ್ಲಿ ಪ್ರಾಣ ಹೋಗಿವೆ.

ಶಿವಮೊಗ್ಗದ ಹುಡುಗ ಮೊನ್ನೆ ಮತ್ತೆ ಮಾತಾಡಿದ. ಮನೆಯ ಲ್ಯಾಂಡ್‌ಲೈನ್ ತೆಗೆಸಿ ಮೂರು ವರ್ಷ ಆಯಿತಂತೆ. ಹಾಗಾದರೆ ಅಮ್ಮನ ಫೋನಿಗೆ ಹೊರದೇಶದ ಕರೆ ಮಾಡುವ ಸೌಲಭ್ಯ ಹಾಕಿಸು, 00 251 ಒತ್ತಿ ಒಂದು ಸಲ ನಿನ್ನ ನಂಬರಿಗೆ ಅವರ ಕೈಯಿಂದಲೇ ಮಾಡಿಸಿ ನೋಡು ಅಂದೆ. ಅಲ್ಲಿಯ ನಂಬರಿನ ಮೊದಲ ಸೊನ್ನೆ ಬಿಡಬೇಕು, 251 ಆದಮೇಲೆ ನೇರ 9.